ಹುಣಸೆಮರದೆದುರಿನ ಡಬ್ಬಿ

ಚನ್ನಪಟ್ಟಣ ದಾಟಿದ ಮೇಲೆ, ಹಳೆಯ ಮೈಸೂರು ರಸ್ತೆಯ ಬದಿಯಲ್ಲಿ ಒಂದು ಟೀ ಅಂಗಡಿಯಿದೆ. ಅದರ ಕಂಬಕ್ಕೆ ಆಷಾಢದಲ್ಲಿ ನಾನೊಂದು ಕಾಫಿಪುಡಿ ಡಬ್ಬಿ ಕಟ್ಟಿದ್ದೆ. ಒಳಗೆಲ್ಲ ಕಪ್ಪು ಬಣ್ಣ, ಒಂದು ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು, ಅದರೆದುರು ಫೋಟೋ ಕಾಗದ. ಕ್ಯಾಮೆರಾ ಎಂದರೆ ಅಷ್ಟೇ. ರಸ್ತೆ, ಆಚೆಯ ಹುಣಸೆಮರ, ಸೂರ್ಯ ದಿನಾ ಹಾದುಹೋಗುವ ಗೆರೆಗಳು ಮೂರು ತಿಂಗಳಲ್ಲಿ ಆ ಕಾಗದದ ಮೇಲೆ ತಾವಾಗಿ ಮೂಡಬೇಕಿತ್ತು.

ಬಿಡದಿಯಿಂದ ಇಲ್ಲಿಯವರೆಗೆ ಇಂಥ ಒಂಬತ್ತು ಡಬ್ಬಿ ಕಟ್ಟಿದ್ದೆ. ಎರಡು ಕಳುವಾದವು, ಒಂದರಲ್ಲಿ ಇರುವೆ ಗೂಡು ಮಾಡಿತು. ನನಗೆ ಮುಖ್ಯವಾದದ್ದು ಇದು. ರಸ್ತೆ ಅಗಲ ಮಾಡಲು ದಸರಾ ಮುಗಿದ ಸೋಮವಾರ ಆ ಮರ ಕಡಿಯುವುದಿತ್ತು.

ಮುಟ್ಟಬಾರದೆಂದು ಅಂಗಡಿಯ ಅಮ್ಮನಿಗೆ ನಾಲ್ಕು ಸಲ ಹೇಳಿದ್ದೆ. ಅವರು ನಿಜಕ್ಕೂ ಕಾದರು. ಬಗ್ಗಿ ನೋಡಿದ ಲಾರಿ ಡ್ರೈವರನಿಗೆ ಟೀ ಕೊಡದೆ ಕಳಿಸಿದರಂತೆ.

ಆಯುಧಪೂಜೆಯ ಮಧ್ಯಾಹ್ನ ಹೋದೆ. ಡಬ್ಬಿ ಫಳಫಳ ಹೊಳೆಯುತ್ತಿತ್ತು. ಚೆಂಡುಹೂವಿನ ಹಾರ, ಮೂರು ಗೆರೆ ವಿಭೂತಿ, ಸರಿಯಾಗಿ ತೂತಿನ ಮೇಲೆ ಕುಂಕುಮ.

"ಸ್ಟೌಗೆ, ಮಗನ್ ಬೈಕ್‌ಗೆ ಎಲ್ಲಾಕೂ ಪೂಜೆ ಆಯ್ತು. ಇದೂ ದುಡಿಯೋ ಮಿಷನ್ನೇ ಅಲ್ವಾ?" ಎಂದರು. "ಒಳಗೊಂದ್ ಕಾಗ್ದ ಗಲೀಜಾಗಿತ್ತು ಕಣವ್ವ. ಸೋಪಾಕಿ ತೊಳ್ದು ಬಿಸ್ಲಿಗಾಕಿವ್ನಿ."

ಕಾಗದ ಬೆಂಚಿನ ಮೇಲೆ, ಕಲ್ಲಿನ ಕೆಳಗೆ ಒಣಗುತ್ತಿತ್ತು. ಬಿಸಿಲು ಬಿದ್ದು ಪೂರ್ತಿ ಕಂದುಗಪ್ಪು; ಚಿತ್ರದ ಗುರುತೂ ಇರಲಿಲ್ಲ.

ನಾನು ಕೂಗಾಡುವವಳಲ್ಲ. "ಅಮ್ಮ, ಮುಟ್ಟಬೇಡಿ ಅಂದಿದ್ನಲ್ಲ" ಎಂದೆ.

"ಬ್ಯಾರೆಯೋರ್ ಮುಟ್ಬಾರ್ದು ಅಂತ ನೀನಂದಿದ್ದೆ. ನಾನೇನ್ ಬ್ಯಾರೆಯೋಳಾ?"

ತೊಳೆದುಹೋದದ್ದು ಏನೆಂದು ವಿವರಿಸಿದೆ. ಅವರು ಕಾಗದ ನೋಡಿದರು, ಮರ ನೋಡಿದರು, ಮುಖ ಚಿಕ್ಕದು ಮಾಡಿಕೊಂಡರು. ಮರ ಕಡಿಯಲು ಇನ್ನೂ ನಾಲ್ಕು ದಿನ ಉಳಿದಿತ್ತು. ಬೆಳಕು ತಾಗದಂತೆ ಕಪ್ಪು ಚೀಲದೊಳಗೆ ಕೈಯಿಟ್ಟು ಡಬ್ಬಿಗೆ ಹೊಸ ಕಾಗದ ತುಂಬಿದೆ. ಪೂಜೆ ಮಾಡಿದ ಕುಂಕುಮ ಒರೆಸಲು ಮಾತ್ರ ಅವರು ಸುತರಾಂ ಒಪ್ಪಲಿಲ್ಲ. ಕಾಗದ ಮತ್ತೆ ತೆಗೆದು, ಡಬ್ಬಿಯ ಇನ್ನೊಂದು ಪಕ್ಕಕ್ಕೆ ಹೊಸ ತೂತು ಕೊರೆದು, ಪುನಃ ತುಂಬಿ, ಆ ತೂತನ್ನು ಮರದ ಕಡೆಗೆ ತಿರುಗಿಸಿ ಕಟ್ಟಿದೆ. ಈ ಸಲ ಒಂದು ನೊಣವನ್ನೂ ಬಿಡುವುದಿಲ್ಲ ಎಂದು ಅವರು ಮಾತು ಕೊಟ್ಟರು.

ಸೋಮವಾರ ಗರಗಸದವರು ಬರುವ ಮೊದಲೇ ಡಬ್ಬಿ ಬಿಚ್ಚಿದೆ. ಸೂರ್ಯನ ನಾಲ್ಕು ಗೆರೆ ಬಂದಿದ್ದವು, ಮರದ ತಲೆಯೂ ಮಸುಕಾಗಿ ಬಂದಿತ್ತು. ಬುಡದ ಜಾಗದಲ್ಲಿ ಅಗಲವಾದ ಒಂದು ಮಬ್ಬು ಮಾತ್ರ. ಅದೇನೆಂದು ಎಷ್ಟು ಹೊತ್ತು ನೋಡಿದರೂ ತಿಳಿಯಲಿಲ್ಲ.

ನಾಲ್ಕು ದಿನವೂ ಅಂಗಡಿಯ ಅಮ್ಮ ಡಬ್ಬಿಯ ಮುಂದೆಯೇ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದರಂತೆ.