ಕಲ್ಯಾಣದುರ್ಗದ ಮೂಟೆ

ನಿಜ ಹೇಳ್ಬುಡ್ತೀನಿ, ನನ್ನ ಹೊಟ್ಟೆ ಉರಿದುಹೋಗಿತ್ತು. ನಾನು ಕೆಲಸ ಮಾಡೋ ಯೂನಿವರ್ಸಿಟಿ ದೇಶದ ಸಂಶೋಧನಾ ಮಾಹಿತಿ ಜಾಲಕ್ಕೆ ಸೇರ್ಕೊಂತು. ಒಬ್ಬರು ಕಲೆಹಾಕಿದ ಅಂಕಿಅಂಶ ಎಲ್ಲಾ ಕಡೆಯ ಸಂಶೋಧಕರಿಗೂ ಸಿಗಲಿ ಅಂತ. ಮೊದಲು ಕಳಿಸೋಕೆ ಆರಿಸಿದ್ದು ಕಲ್ಯಾಣದುರ್ಗದ ಕಡ್ಲೇಕಾಯಿ ಇಳುವರಿ. ಅಂದ್ರೆ, ನನ್ನ ನೋಟ್‌ಬುಕ್ಕುಗಳು. ವರ್ಷಗಟ್ಟಲೆ ಹೊಲ ಸುತ್ತಿ, ನಾಯಿಗಳ ಕೈಲಿ ಅಟ್ಟಿಸ್ಕೊಂಡು, ರೈತರನ್ನ ಕೇಳಿ ಬರ್ಕೊಂಡಿದ್ದು ನಾನು. ಜಾಲದ ಕೆಲಸಕ್ಕೆ ಮುಖ್ಯಸ್ಥೆ ಆಗಿದ್ದು ಮಾತ್ರ ಹಿಂದೂಪುರದ ಆಫೀಸಲ್ಲಿ ಫ್ಯಾನ್ ಕೆಳಗೆ ಕೂರೋಳು, ನನಗಿಂತ ಎಷ್ಟೋ ಚಿಕ್ಕವಳು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ! ಡೈರೆಕ್ಟರು ಅವಳಿಗೆ "ಚಾಲಾ ಬಾಗುಂದಿ ಅಮ್ಮಾ" ಅಂತ ತೆಲುಗಲ್ಲಿ ಹೊಗಳಿದಾಗ ನಾನು ಟೀ ಅರ್ಧಕ್ಕೇ ಇಟ್ಟು ಎದ್ದೆ.

ಬುಧವಾರ ಅವಳ ಕಂಪ್ಯೂಟರ್ ಮೇಲೆ ಕಣ್ಣಾಡಿಸಿದೆ. ನಮ್ಮ ರೈತರು ಇಳುವರಿ ಹೇಳೋದು ಮೂಟೇಲಿ. ಸಿಪ್ಪೆ ಸಮೇತದ ಕಡ್ಲೇಕಾಯಿ ಮೂಟೆ ಹಗುರ. ರಾಗಿ ಬೆಳೆಯೋರ ಮನೇಲಿ ಹುಟ್ಟಿದ ಇವಳು, ಭಾರವಾದ ರಾಗಿ ಮೂಟೆ ತೂಕ ಹಿಡಿದು ಎಲ್ಲಾ ಕಿಲೋಗೆ ತಿರುಗಿಸಿಬಿಟ್ಟಿದ್ಲು. ಆ ಲೆಕ್ಕದಲ್ಲಿ ನಮ್ಮ ಬೆಂಗಾಡು, ಕಾಲುವೆ ಸೀಮೆ ಥರ ಬೆಳೆದು ಕೂತಿತ್ತು! ಮಾತು ನಾಲಿಗೆ ತುದೀಗೆ ಬಂತು, ನುಂಗ್ಕೊಂಡೆ. ದೇಶದವರೆಲ್ಲ ನೋಡ್ಲಿ ಇವಳ ಜಾಣತನ ಅಂದ್ಕೊಂಡು ಕಲ್ಯಾಣದುರ್ಗದ ಬಸ್ ಹತ್ತಿದೆ.

ಶುಕ್ರವಾರ ಆ ಲೆಕ್ಕವೆಲ್ಲಾ ಜಾಲಕ್ಕೆ ಏರಿತು. ಸೋಮವಾರ ಆಫೀಸಿಗೆ ಹೋದ್ರೆ, ಅವಳು ಓಡಿ ಬಂದು ಕೈ ಹಿಡಿದು ಕೂರಿಸಿದ್ಲು. "ನೋಡಿ ಅಕ್ಕಾ!" ಪರದೆ ಮೇಲೆ ಒಂದೇ ಹೆಸರಿತ್ತು, ನನ್ನದು.

"ಡೈರೆಕ್ಟರು ನನ್ ಹೆಸರೂ ಹಾಕು ಅಂದ್ರು. ನಾನ್ ಒಪ್ಲಿಲ್ಲ ಕಣಕ್ಕಾ. ಬಿಸ್ಲಲ್ಲಿ ತಿರುಗಿದ್ದು ನೀವು."

"ಮೂಟೆ ತೂಕ ತಪ್ಪೈತೆ ಕಣಮ್ಮ," ಅಂದು, ರಾಗಿ ಮೂಟೆ ವಿಷಯ ಹೇಳಿದೆ.

ಅವಳ ಮುಖ ಬಿಳಿಚ್ಕೊಂತು. "ಅಯ್ಯೋ, ನಿಮ್ ಹೆಸ್ರು ಕೆಡಿಸ್ಬುಟ್ನಲ್ಲಕ್ಕಾ! ನಿಮ್ಗೆ ಯಾವಾಗ ಗೊತ್ತಾಯ್ತು?"

"ಬುಧವಾರ."

ಅವಳು ಒಮ್ಮೆ ನನ್ನನ್ನ ನೋಡಿ, ಕೀಬೋರ್ಡ್ ಹತ್ರ ಎಳ್ಕೊಂಡ್ಲು. ಒಮ್ಮೆ ಏರಿಸಿದ್ದನ್ನ ಅಳಿಸೋಕಾಗಲ್ಲ. ತಿದ್ದಿದ ಪ್ರತಿ ಕಳಿಸಿ, ಯಾಕೆ ತಿದ್ದಿದ್ವಿ ಅಂತ ಬರೀಬೇಕು, ಅದು ಎಲ್ಲರಿಗೂ ಕಾಣುತ್ತೆ. ಅವಳು ಬರೆದ್ಲು: ತೂಕ ಹಾಕುವಾಗ ನನ್ನಿಂದ ತಪ್ಪಾಗಿದೆ. ಅಲ್ಲಿ ಮಾತ್ರ ತನ್ನ ಹೆಸರು ಹಾಕ್ಕೊಂಡ್ಲು.

ಪಕ್ಕದಲ್ಲೇ ಕೂತಿದ್ದ ನನಗೆ ಆಗಲೂ ಹೊಟ್ಟೆಉರಿ ಆರಲಿಲ್ಲ. ಆ ದೊಡ್ಡ ಗುಣಾನೂ ಅವಳಿಗೇ ಸಿಕ್ಕಿತ್ತಲ್ಲ ಅಂತ.