ಲಾಂಡ್ರಿಯಮ್ಮನ ಮನೆಯಲ್ಲಿ ಕದ್ದು ಒಗೆದ ಬಟ್ಟೆ

ಈ ಹುಡುಗಿಯನ್ನು ಊರಿನಲ್ಲಿ ಮನೆಮಂದಿಯೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು. ಮೈ ಕಡ್ಡಿ, ಸಂಕೋಚ ಮಾತ್ರ ಬೆಟ್ಟದಷ್ಟು. ಕಟ್ಟುಹಲ್ಲು ಮಾಡುವ ವಿದ್ಯೆ ಕಲಿಯಲು ಹೊರದೇಶಕ್ಕೆ ಬಂದವಳಿಗೆ ಕಾಲೇಜಿನವರು ಒಂದು ಕುಟುಂಬದ ಜೊತೆ ಇರಲು ಏರ್ಪಾಡು ಮಾಡಿಕೊಟ್ಟರು. ಕೆಳಗೆ ಲಾಂಡ್ರಿ ಅಂಗಡಿ, ಮೇಲೆ ಮನೆ. ಗಂಡ ಇಸ್ತ್ರಿ ಮಾಡುತ್ತಿದ್ದ. ಉಳಿದ ಕಾರುಬಾರೆಲ್ಲ ಹೆಂಡತಿಯದು. ಗಟ್ಟಿ ತೋಳು, ಅದಕ್ಕಿಂತ ಗಟ್ಟಿ ಗಂಟಲು. ಬೀದಿಗೆಲ್ಲ ಅವಳು ಲಾಂಡ್ರಿಯಮ್ಮ.

"ಬಟ್ಟೆ ಈ ಬುಟ್ಟಿಗೆ ಹಾಕಮ್ಮ, ಕೆಳಗೆ ಹೇಗೂ ಮಿಷನ್ ಓಡ್ತಾನೇ ಇರುತ್ತೆ" ಎಂದು ಬಂದ ದಿನವೇ ಅವಳು ಹೇಳಿದ್ದಳು.

ಸುಮ್ಮನೆ ಹಾಕಬಾರದಿತ್ತೇ? ಇಲ್ಲ! ಅಮ್ಮನ ವಯಸ್ಸಿನ ಹೆಂಗಸಿನ ಕೈಯಲ್ಲಿ ತನ್ನ ಒಳಬಟ್ಟೆ ಒಗೆಸುವುದೇ? ನೆನೆದರೇ ಕಡ್ಡಿಗೆ ಮೈ ಹಿಡಿಯಾಗುತ್ತಿತ್ತು. ಬಚ್ಚಲಲ್ಲಿ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು, ಸದ್ದಾಗದಂತೆ ತಾನೇ ಒಗೆದುಕೊಳ್ಳುವಳು. ಸರಿಯಾಗಿ ಹಿಂಡುವಷ್ಟು ಬಲ ತೋಳಿನಲ್ಲಿಲ್ಲ. ತೊಟ್ಟಿಕ್ಕುವ ಬಟ್ಟೆಯನ್ನು ಕೋಣೆಯಲ್ಲಿ, ಬೀರುವಿನ ಹಿಂದೆ ಹಗ್ಗ ಕಟ್ಟಿ ಹರವುವಳು. ಕೆಳಗಿರುವುದು ಹಳೆಯ ಮರದ ನೆಲ. ಆ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಪುಣ್ಯಾತ್ಗಿತ್ತಿ ಒಮ್ಮೆಯೂ ಯೋಚಿಸಲಿಲ್ಲ. ಕಟ್ಟುಹಲ್ಲನ್ನು ಕೂದಲೆಳೆಯಷ್ಟೂ ತಪ್ಪದಂತೆ ಉಜ್ಜುವವಳಿಗೆ ಇಷ್ಟು ಹೊಳೆಯಲಿಲ್ಲ ನೋಡಿ!

ನೀರು ಹೋಗಿದ್ದು ಅಂಗಡಿಯ ಚಾವಣಿಗೆ. ಮೊದಲು ಅಂಗೈಯಗಲದ ಕಲೆ, ಆಮೇಲೆ ಮೊರದಗಲ. ಒಂದು ಬೆಳಿಗ್ಗೆ ಗಿರಾಕಿಯೊಬ್ಬರ ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿಯ ಮೇಲೇ ಕಂದು ಹನಿ ಬಿತ್ತು. ಲಾಂಡ್ರಿಯಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಗಂಡ ಓಡಿಹೋಗಿ ಪ್ಲಂಬರನ್ನು ಕರೆತಂದ.

"ಮೇಲಿನ ನೆಲದೊಳಗೆ ಪೈಪ್ ಒಡೆದಿದೆ" ಎಂದ ಪ್ಲಂಬರ್. "ನೆಲ ಕೀಳ್ಬೇಕು. ಅಲ್ಲೀವರೆಗೂ ಅಂಗಡಿ ಮುಚ್ಚಿ. ಎಷ್ಟು ದಿನ ಅಂತ ಈಗ್ಲೇ ಹೇಳಕ್ಕಾಗಲ್ಲ."

ಕಾಲೇಜಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದ ಕಡ್ಡಿ ಕತ್ತೆತ್ತಿ ಚಾವಣಿ ನೋಡಿದಳು. ಕಲೆ ಇದ್ದದ್ದು ಸರಿಯಾಗಿ ತನ್ನ ಹಗ್ಗದ ಕೆಳಗೇ! ಹೇಳಿದರೆ ಇವರು ಗಂಟುಮೂಟೆ ಕಟ್ಟಿಸುತ್ತಾರೆ. ಈ ಮನೆ ತಪ್ಪಿದರೆ ಬೇರೆ ಮನೆಯಿಲ್ಲ, ಓದು ಬಿಟ್ಟು ಹಿಂದಿರುಗಬೇಕಾಗುತ್ತದೆ ಎಂದು ಕಾಲೇಜಿನವರು ಮೊದಲೇ ಎಚ್ಚರಿಸಿದ್ದರು. ಬಾಯಿ ಮುಚ್ಚಿಕೊಂಡು ಜಾರಿಕೊಳ್ಳಬಹುದಿತ್ತು. ಸುಳ್ಳೇಕೆ ಹೇಳಲಿ, ಬಾಗಿಲವರೆಗೆ ಹೋದಳು ಕೂಡ. ಅಷ್ಟರಲ್ಲಿ ಪ್ಲಂಬರ್ ಹಾರೆ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದ. ಅವನ ಹಿಂದೆ ಲಾಂಡ್ರಿಯಮ್ಮ, ಸೆರಗಿಲ್ಲದವಳು, ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು.

"ನಿಲ್ಲಿ! ಪೈಪ್ ಅಲ್ಲ, ನನ್ನ ಬಟ್ಟೆ ನೀರು ಅದು!" ಎಂದು ಕಡ್ಡಿ ಕಿರುಚಿಬಿಟ್ಟಳು.

ಎಲ್ಲರೂ ಮೇಲೆ ಹೋಗಿ ಬೀರು ಸರಿಸಿದರು. ಹಗ್ಗದ ಮೇಲೆ ಎರಡು ಅಂಗಿ, ಒಂದು ಟವೆಲು, ಹೆಸರು ಹೇಳಬಾರದಂಥ ಇನ್ನೊಂದಿಷ್ಟು. ಎಲ್ಲವೂ ತೊಟತೊಟ ಸುರಿಯುತ್ತಿದ್ದವು. ಪ್ಲಂಬರ್ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದ.

"ತಪ್ಪಾಯ್ತು ಆಂಟಿ. ಇವತ್ತೇ ಬ್ಯಾಗ್ ಕಟ್ಕೋತೀನಿ" ಎಂದಳು ಕಡ್ಡಿ ನೆಲ ನೋಡುತ್ತಾ.

ಲಾಂಡ್ರಿಯಮ್ಮ ಮಂಚದ ಮೇಲೆ ದೊಪ್ಪನೆ ಕೂತಳು. "ಪೈಪ್ ಅಲ್ವಾ? ನಿಜವಾಗ್ಲೂ ಪೈಪ್ ಅಲ್ವಾ?" ಎಂದವಳೇ ನಗತೊಡಗಿದಳು. "ಅಯ್ಯೋ ನನ್ನ ಕರ್ಮವೇ! ಅಂಗಡಿ ಹೋಯ್ತು ಅಂತ ಜೀವ ಬಾಯಿಗೆ ಬಂದಿತ್ತು ಕಣೇ. ಊರವರ ಕೊಳೆಯೆಲ್ಲ ತೊಳೀತೀನಿ, ನನ್ನ ಮನೇಲೇ ಕದ್ದು ಒಗೀತೀಯಾ? ಬುಟ್ಟಿ ಖಾಲಿ ನೋಡಿ ನೋಡಿ, ಈ ಹುಡುಗಿ ಬಟ್ಟೇನೇ ಬದಲಾಯಿಸಲ್ವೇನೋ ಅಂದ್ಕೊಂಡಿದ್ದೆ!"

"ಹಾಗಾದ್ರೆ ನಾನು... ಹೋಗ್ಬೇಕಾ?"

"ಹೋಗ್ದೆ ಇನ್ನೇನು? ಕಾಲೇಜಿಗೆ ಹೊತ್ತಾಗ್ಲಿಲ್ವಾ?"

ಕಡ್ಡಿಗೆ ಹೋದ ಉಸಿರು ಬಂದಂತಾಯಿತು. ದಾರಿಯುದ್ದಕ್ಕೂ ತನ್ನಷ್ಟಕ್ಕೆ ತಾನೇ ನಗುತ್ತಾ ನಡೆದಳು. ನೋಡಿದವರು ಏನಂದುಕೊಂಡರೋ!

ಸಂಜೆ ಬಟ್ಟೆಯ ಗಂಟು ಹೊತ್ತು ಅಂಗಡಿಗಿಳಿದಳು, ಸಂಕೋಚಕ್ಕೆ ಕಿವಿಯೆಲ್ಲ ಕೆಂಪು. ಮೇಜಿನ ಮೇಲೆ ಗಿರಾಕಿಗಳ ಗಂಟುಗಳು, ಒಂದೊಂದಕ್ಕೂ ಹೆಸರಿನ ಚೀಟಿ.

"ನನ್ನದಕ್ಕೂ ಒಂದು ಚೀಟಿ ಕೊಡಿ ಅಂಕಲ್, ಬೇರೆಯವರದ್ರಲ್ಲಿ ಸೇರಿಹೋದೀತು" ಎಂದಳು.

ಲಾಂಡ್ರಿಯಮ್ಮನ ಗಂಡ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಗಂಟನ್ನು ಅವಳ ಕೈಯಿಂದ ತೆಗೆದುಕೊಂಡ.

"ಮನೆಯವರ ಬಟ್ಟೆಗೆ ಯಾರಾದ್ರೂ ಚೀಟಿ ಕಟ್ತಾರೇನಮ್ಮ?" ಎನ್ನುತ್ತಾ ತನ್ನ ಅಂಗಿ, ಹೆಂಡತಿಯ ಏಪ್ರನ್ನುಗಳ ಜೊತೆಗೇ ಅವನ್ನೂ ಮಿಷನ್ನಿಗೆ ತುಂಬಿ ಬಾಗಿಲು ಹಾಕಿದ.