ಮುಂದಿನ ಸೀಟಿನ ಗತ್ತು

ನನ್ನ ಗಂಡನ ಅಣ್ಣನಿಗೆ ಮಲ್ಲಂದೂರಿನ ಹತ್ತಿರ ದೊಡ್ಡ ಎಸ್ಟೇಟ್ ಇದೆ. ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೂ ಇಲ್ಲವೆಂಬ ನಂಬಿಕೆ ಅದಕ್ಕಿಂತ ದೊಡ್ಡದು. ಹೊಸ ಕಾರು ಬಂದಾಗ ಭಾವ ಮೊದಲು ಮಾಡಿದ್ದು, ಸೀಟ್ ಬೆಲ್ಟಿನ ಕೂಗು ಅಡಗಿಸಲು ಅದರ ಬಕಲಿಗೆ ಒಂದು ಖಾಲಿ ಕ್ಲಿಪ್ ಚುಚ್ಚಿದ್ದು. ಅವರ ಐದು ವರ್ಷದ ಮಗ ಮುಂದಿನ ಸೀಟಿನ ಮೇಲೆ ನಿಂತುಕೊಂಡೇ ಬರುತ್ತಿದ್ದ. ಅದು ಊರವರ ಕಣ್ಣಿಗೆ ಬೀಳಬೇಕಿತ್ತು. ಅವನ ಅಕ್ಕ ಹಿಂದಿನ ಸೀಟಿನಲ್ಲಿ. ಅವಳನ್ನು ಯಾರಿಗೂ ತೋರಿಸುವ ಉಮೇದು ಭಾವನಿಗಿರಲಿಲ್ಲ.

ಬಾಳೂರಿನ ಒಂದು ಮದುವೆಗೆ ಅವರ ಕಾರಿನಲ್ಲೇ ಹೊರಟಿದ್ದೆ. ಹುಡುಗನನ್ನು ಹಿಂದೆ ಕಳಿಸಿ, ನನ್ನ ಪಕ್ಕ ಕೂರಿಸಿ ಬೆಲ್ಟ್ ಹಾಕುತ್ತೇನೆ ಎಂದೆ.

"ನಿಂಗೆ ಎಂತ ಹೆದರಿಕೆ ಮಾರಾಯ್ತಿ. ಈ ರೋಡಲ್ಲಿ ನಾನು ಕಣ್ಣು ಮುಚ್ಚಿ ಓಡಿಸ್ತೀನಿ," ಎಂದರು.

ಓಡಿಸಿದ್ದೂ ಹಾಗೆಯೇ. ಬಣಕಲ್ ದಾಟಿದ ಮೇಲೆ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಬ್ರೇಕ್ ಒತ್ತಿದರು. ಕಾರು ನಿಂತಿತು, ಹುಡುಗ ನಿಲ್ಲಲಿಲ್ಲ. ಡ್ಯಾಶ್‌ಬೋರ್ಡಿಗೆ ಬಡಿದು ಗಲ್ಲ ಸೀಳಿತು, ಹಲ್ಲು ತುಟಿಗೆ ನಾಟಿತು. ಭಾವ ಮಗನ ಕಡೆ ತಿರುಗುವ ಮೊದಲು ಗಾಜು ಇಳಿಸಿ ಬಸ್ಸಿನವನಿಗೆ ಬೈದರು.

ಮೂಡಿಗೆರೆಗೆ ವಾಪಸ್ ಓಡಿದೆವು. ಡಾಕ್ಟರು ಹೊಲಿಗೆ ಹಾಕುತ್ತಾ, ಮುಂದಿನ ಏರ್‌ಬ್ಯಾಗ್ ದೊಡ್ಡವರ ಎದೆಗೆಂದು ಮಾಡಿದ್ದು, ಅದು ಬಿಚ್ಚಿಕೊಂಡಿದ್ದರೆ ಈ ಕುತ್ತಿಗೆ ಉಳಿಯುತ್ತಿರಲಿಲ್ಲ ಎಂದರು. ಭಾವ ಮೊಬೈಲ್ ನೋಡುತ್ತಿದ್ದರು.

ಮದುವೆಮನೆ ಮುಟ್ಟುವಷ್ಟರಲ್ಲಿ ಕತೆ ಬೇರೆಯಾಗಿತ್ತು. ತಾನು ಸಮಯಕ್ಕೆ ಬ್ರೇಕ್ ಹಾಕಿದ್ದರಿಂದ ಮಗ ಉಳಿದನಂತೆ. ನೆಂಟರು ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು.

"ಉಳಿಸಿದ್ದಲ್ಲ ಭಾವ, ಎಸೆದಿದ್ದು," ಎಂದೆ, ಎಲ್ಲರೆದುರೇ.

ಆಮೇಲೆ ತುಂಬಾ ದಿನ ಅವರು ನನ್ನೊಡನೆ ಮಾತಾಡಲಿಲ್ಲ. ನನಗೇನೂ ನಷ್ಟವಾಗಲಿಲ್ಲ.

ಅವತ್ತು ಮದುವೆಯಿಂದ ವಾಪಸ್ ಬರುವಾಗ ಹುಡುಗ ಹಿಂದೆ ನನಗೊರಗಿಕೊಂಡು, ಮುಂದಿನ ಸೀಟಿನಲ್ಲಿ ಯಾವಾಗ ಕೂರಬಹುದು ಎಂದು ಊದಿದ ತುಟಿಯಲ್ಲೇ ಕೇಳಿದ. ಬೆನ್ನು ಸೀಟಿಗೆ ತಾಗಬೇಕು, ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಬೆಲ್ಟ್ ಕುತ್ತಿಗೆಗೆ ಬಾರದೆ ಭುಜದ ಮೇಲೆ ಬರಬೇಕು, ವಯಸ್ಸೂ ಹದಿಮೂರಾಗಬೇಕು ಎಂದೆ. ಐದರ ಮಗುವಿಗೆ ಅರ್ಥವಾಯಿತು. ಅಪ್ಪನಿಗೆ ಇವತ್ತಿಗೂ ಆಗಿಲ್ಲ.

ಈಗ ಅವನಿಗೆ ಹದಿನಾಲ್ಕು, ನನ್ನೆತ್ತರ ಬೆಳೆದಿದ್ದಾನೆ. ನನ್ನ ಕಾರಿನಲ್ಲಿ ಮುಂದೆ ಕೂರುತ್ತಾನೆ. ಅಪ್ಪ ತನ್ನ ಕಾರಿನಲ್ಲಿ ಮುಂದೆ ಬಾ ಎಂದು ಕರೆದರೆ ಮಾತ್ರ, "ನಾನು ಹಿಂದೇನೇ ಕೂರ್ತೀನಿ," ಎಂದು ಅಕ್ಕನ ಪಕ್ಕ ಹೋಗುತ್ತಾನೆ. ಮುಂದೆ ಭಾವ ಒಬ್ಬರೇ, ಬಾಡಿಗೆ ಕಾರಿನ ಡ್ರೈವರನ ಹಾಗೆ. ಅವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.